ಚಪಾತಿಗೆ ಲೆಕ್ಕ ಉಂಟು, ಅನ್ನಕ್ಕಿಲ್ಲ

ಮಂಗಳೂರು, ಉಡುಪಿ ಕಡೆ ಮನೆಯಲ್ಲೊಬ್ಬರು ತೂಕ ಇಳಿಸಲು ಹೊರಟರೆಂದರೆ ಮೊದಲು ಬದಲಾಗುವುದು ರಾತ್ರಿಯ ಊಟ. ಉಳಿದವರಿಗೆ ಎಂದಿನಂತೆ ಕುಚ್ಚಲಕ್ಕಿ ಅನ್ನ, ಸಾರು, ಮೀನು. ಡಯಟ್ ಮಾಡುವವರಿಗೆ ಮಾತ್ರ ಬೇರೆ ಹಿಟ್ಟು ಕಲಸಿ ಮೂರು ಚಪಾತಿ. ಮೊದಲ ಎರಡು ವಾರದಲ್ಲಿ ಒಂದೂವರೆ, ಎರಡು ಕಿಲೋ ಇಳಿಯುವುದೂ ಉಂಟು. ಆಮೇಲೆ ಮುಳ್ಳು ಅಲುಗುವುದಿಲ್ಲ. ಮೂರನೇ ತಿಂಗಳಿಗೆ ಲಟ್ಟಿಸುವವರಿಗೂ ಸಾಕಾಗಿರುತ್ತದೆ, ತಿನ್ನುವವರಿಗೂ ಬೇಸರ ಬಂದಿರುತ್ತದೆ. ಚಪಾತಿ ಹೋಗಿ ಅನ್ನ ಬರುತ್ತದೆ, ಅನ್ನದ ಹಿಂದೆಯೇ ಇಳಿದ ತೂಕವೂ ಬರುತ್ತದೆ. ಬೈಗುಳ ಮಾತ್ರ ಅನ್ನಕ್ಕೆ.

ಲೆಕ್ಕ ಹಾಕಿ ನೋಡಿ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 340 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ಒಂದು ಚಪಾತಿಗೆ 35 ಗ್ರಾಂ ಹಿಟ್ಟು ಅಂತ ಹಿಡಿದರೆ ಮೂರಕ್ಕೆ 105 ಗ್ರಾಂ, ಅಂದರೆ 355ರ ಆಸುಪಾಸು. ಪ್ರತಿಯೊಂದಕ್ಕೂ ಒಂದು ಚಮಚ ಎಣ್ಣೆ ಸವರಿದರೆ ಮತ್ತೆ 120 ಸೇರಿತು. ಅಷ್ಟೇ ಅಕ್ಕಿಯ ಅನ್ನಕ್ಕೆ ಎಣ್ಣೆಯ ಖರ್ಚಿಲ್ಲ. ಹಾಗಾದರೆ ಮೊದಲೆರಡು ವಾರ ತೂಕ ಇಳಿದದ್ದು ಹೇಗೆ? ಚಪಾತಿಯನ್ನು ಎಣಿಸುತ್ತೇವೆ, ಅನ್ನವನ್ನು ಎಣಿಸುವುದಿಲ್ಲ, ಅಷ್ಟೇ. "ನಿನಗೆ ಎಷ್ಟು ಚಪಾತಿ?" ಎಂದು ಕೇಳುವ ಮನೆಯಲ್ಲಿ "ನಿನಗೆ ಎಷ್ಟು ಗ್ರಾಂ ಅನ್ನ?" ಎಂದು ಯಾರೂ ಕೇಳುವುದಿಲ್ಲ. ಸಾರಿಗೊಮ್ಮೆ, ಪದಾರ್ಥಕ್ಕೊಮ್ಮೆ, ಮೀನು ಉಳಿದರೆ ಇನ್ನೊಮ್ಮೆ, ಕೊನೆಗೆ ಮಜ್ಜಿಗೆಗೊಮ್ಮೆ. ಸೌಟು ಬೀಳುತ್ತಲೇ ಇರುತ್ತದೆ.

ಕರಾವಳಿಯ ಊಟದಲ್ಲಿ ತೂಕ ಏರಿಸುವುದು ಇಂಥದ್ದೇ ಒಂದು ಪದಾರ್ಥ ಎಂದು ಬೊಟ್ಟು ಮಾಡಲು ಬರುವುದಿಲ್ಲ. ಲೆಕ್ಕವಿಲ್ಲದೆ ಬೀಳುವ ನಾಲ್ಕೈದು ಸಂಗತಿಗಳಿವೆ: ಅನ್ನ, ಕಾಯಿತುರಿ, ಎಣ್ಣೆ, ಚಾದ ಸಕ್ಕರೆ, ಸಂಜೆಯ ತಿಂಡಿ. ಇವಕ್ಕೆ ಅಳತೆ ಬಂದರೆ ಅಡುಗೆಮನೆ ಬದಲಿಸಬೇಕಾಗಿಲ್ಲ. ಓಟ್ಸ್, ಕಿನೋವಾ ತಂದು ಡಬ್ಬಿ ತುಂಬಿಸುವ ಅಗತ್ಯವೂ ಇಲ್ಲ. ಅವುಗಳಲ್ಲಿ ದೋಷವಿದೆ ಅಂತಲ್ಲ. ಆಟಿಯ ಮಳೆಗೂ, ಮದುವೆಯ ಮರುದಿನಕ್ಕೂ, ಜ್ವರ ಬಂದ ದಿನಕ್ಕೂ ಒಗ್ಗದ ಊಟವನ್ನು ಯಾರೂ ವರ್ಷಗಟ್ಟಲೆ ಉಣ್ಣುವುದಿಲ್ಲ.

ಅನ್ನ ಮೇಲೋ, ಕೊಬ್ಬು ಮೇಲೋ ಎಂಬ ಜಗಳಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಒಳ್ಳೆಯ ಉತ್ತರ ಕೊಟ್ಟಿದೆ. 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಇರುವ ಊಟ ಹೇಳಿಕೊಟ್ಟು ಒಂದು ವರ್ಷ ನೋಡಿದರು. ಮೊದಲ ಗುಂಪು ಸರಾಸರಿ 5.3 ಕಿಲೋ ಇಳಿಯಿತು, ಎರಡನೆಯದು 6. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಇರಲಿಲ್ಲ. ಎರಡೂ ಗುಂಪಿಗೆ ಸಮಾನವಾಗಿ ಹೇಳಿದ ಮಾತುಗಳಿದ್ದವು: ಸಕ್ಕರೆ, ಮೈದಾ ಆದಷ್ಟು ಬಿಡಿ, ತರಕಾರಿ ಹೆಚ್ಚು ತಿನ್ನಿ, ಮನೆಯಲ್ಲೇ ಬೇಯಿಸಿ.

ಹಾಗಾಗಿ ಕುಚ್ಚಲಕ್ಕಿ ಇರಲಿ. ಅದಕ್ಕೊಂದು ಸಂಖ್ಯೆ ಕೊಡುವುದು ಮೊದಲ ಕೆಲಸ.

ಅಡುಗೆಮನೆಯ ತಕ್ಕಡಿ ಒಂದನ್ನು ತಂದು ಮೂರು ದಿನ ಬಡಿಸಿಕೊಂಡ ಅನ್ನವನ್ನೆಲ್ಲ ತೂಗಿ ಬರೆದಿಡಿ. ಆ ಮೂರು ದಿನ ಕಡಿಮೆ ಮಾಡಲು ಹೋಗಬೇಡಿ, ಸುಮ್ಮನೆ ತೂಗಿ. ಮಧ್ಯಾಹ್ನ ಒಂದೇ ಹೊತ್ತಿಗೆ 400 ಗ್ರಾಂ ಬೆಂದ ಅನ್ನ ಕಂಡರೆ ಬೆಚ್ಚುವುದು ಬೇಡ, ನಮ್ಮಲ್ಲಿ ಅದು ಅಪರೂಪವೇನಲ್ಲ. ಬೆಂದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ, ಅಂದರೆ 400 ಗ್ರಾಂಗೆ 520. ನಾಲ್ಕನೇ ದಿನದಿಂದ 200 ಮಿಲಿ ಹಿಡಿಯುವ ಒಂದು ಸ್ಟೀಲ್ ಬಟ್ಟಲನ್ನು ಅನ್ನಕ್ಕೇ ಎಂದು ಮೀಸಲಿಡಿ. ಒತ್ತದೆ ತುಂಬಿದರೆ ಅದರಲ್ಲಿ ಸುಮಾರು 150 ಗ್ರಾಂ ಅನ್ನ ಹಿಡಿಯುತ್ತದೆ, ಹೆಚ್ಚುಕಡಿಮೆ 55 ಗ್ರಾಂ ಅಕ್ಕಿಯದ್ದು. ಮೂರು ಬಟ್ಟಲು ಉಣ್ಣುತ್ತಿದ್ದವರು ಎರಡು ವಾರ ಎರಡೂವರೆ, ಆಮೇಲೆ ಎರಡು, ಆಮೇಲೆ ಒಂದೂವರೆ. ಒಂದೇ ದಿನದಲ್ಲಿ ಮೂರರಿಂದ ಒಂದಕ್ಕೆ ಇಳಿದವರು ಸಂಜೆ ನಾಲ್ಕಕ್ಕೆ ಹೋಟೆಲಿನ ಗಾಜಿನ ಕಪಾಟಿನ ಎದುರು ಸಿಗುತ್ತಾರೆ.

ಅನ್ನ ತೆಗೆದ ಜಾಗ ಖಾಲಿ ಉಳಿಯಬಾರದು. ಒಂದು ಬಟ್ಟಲು ಅನ್ನ ಕಡಿಮೆಯಾದರೆ ಒಂದೂವರೆ ಬಟ್ಟಲು ಪಲ್ಯ ಬರಬೇಕು: ತೊಂಡೆಕಾಯಿ, ಅಲಸಂಡೆ, ಹರಿವೆ, ಬಸಳೆ, ಗುಜ್ಜೆ, ಸಿಕ್ಕಿದರೆ ಮಟ್ಟುಗುಳ್ಳ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ-ಸೊಪ್ಪು ಇದೆ. ನಮ್ಮ ಎಲೆಯ ತುದಿಗೆ ಬೀಳುವ ಎರಡು ಚಮಚ ಪಲ್ಯ 40 ಗ್ರಾಂ ಕೂಡ ಇರುವುದಿಲ್ಲ. ಪಲ್ಯವನ್ನು ನೆಂಚಿಕೊಳ್ಳುವ ಪದಾರ್ಥ ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಗಟ್ಟಿ. ಅದನ್ನು ಅನ್ನದಷ್ಟೇ ಬಡಿಸಿಕೊಂಡು, ಅನ್ನ ಬರುವ ಮೊದಲೇ ಅರ್ಧ ತಿಂದು ಮುಗಿಸಿದರೆ ಉಳಿದದ್ದು ಸಲೀಸು. ಉಡುಪಿಯ ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬರುತ್ತವಷ್ಟೆ. ನಾವು ಅವನ್ನು ಮುಟ್ಟದೆ ಅನ್ನಕ್ಕೆ ಕಾಯುತ್ತಾ ಕೂರುತ್ತೇವೆ.

ಗಂಜಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ತೂಕ ಇಳಿಸಲು ಇಷ್ಟು ಅನುಕೂಲದ ಊಟ ಊರಲ್ಲೇ ಇದ್ದೂ ಅದನ್ನು ಬಡವರ, ರೋಗಿಗಳ ಊಟ ಎಂದು ಬದಿಗಿಟ್ಟಿದ್ದೇವೆ. ಕಾಲು ಕುಡ್ತೆ, ಅಂದರೆ 50 ಗ್ರಾಂ ಕುಚ್ಚಲಕ್ಕಿಗೆ ಮುಕ್ಕಾಲು ಲೀಟರ್ ನೀರಿಟ್ಟು ಅಗುಳು ಅರಳುವವರೆಗೆ ಬೇಯಿಸಿದರೆ ದೊಡ್ಡ ಬಟ್ಟಲು ತುಂಬ ಗಂಜಿ. ಅದರಲ್ಲಿರುವುದು 175 ಕ್ಯಾಲೊರಿ. ಅದೇ ಅಕ್ಕಿ ಅನ್ನವಾದರೆ ತಟ್ಟೆಯಲ್ಲಿ ಒಂದು ಮೂಲೆ. ನೀರನ್ನು ಊಟದ ಜತೆ ಲೋಟದಲ್ಲಿ ಕುಡಿದರೆ ಸಾಲದೇ? ಸಾಲದು ಎಂದು ತೋರಿಸಿದ ಪ್ರಯೋಗವೊಂದು ಉಂಟು. 1999ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 24 ಮಹಿಳೆಯರಿಗೆ ಊಟಕ್ಕೆ ಮೊದಲು ಕೋಳಿ-ಅನ್ನದ ಒಂದು ಪದಾರ್ಥ ಕೊಟ್ಟರು. ಒಂದು ದಿನ ಬರೇ ಅದು, ಒಂದು ದಿನ ಅದರ ಪಕ್ಕ ಒಂದು ಲೋಟ ನೀರು, ಇನ್ನೊಂದು ದಿನ ಅದೇ ನೀರನ್ನು ಸೇರಿಸಿ ಬೇಯಿಸಿದ ಸೂಪು. ಸೂಪಿನ ದಿನ ಮಾತ್ರ ಮುಂದಿನ ಊಟ ಕಡಿಮೆಯಾಯಿತು. ನೀರು ಅಗುಳಿನ ಜತೆ ಬೆಂದಾಗ ಹೊಟ್ಟೆಯಲ್ಲಿ ನಿಲ್ಲುವ ರೀತಿಯೇ ಬೇರೆ.

ಆದರೆ ಗಂಜಿ ಊಟ ಸೋಲುವುದೂ ಇಲ್ಲೇ. ಬೆಳಿಗ್ಗೆ ಎಂಟಕ್ಕೆ ಗಂಜಿ, ಉಪ್ಪಿನಕಾಯಿ, ಒಂದು ಹಪ್ಪಳ ತಿಂದರೆ ಹತ್ತೂವರೆಗೆ ಹಸಿವು. ಜತೆಗೆ ಪ್ರೊಟೀನ್ ಇಲ್ಲ, ನಾರು ಸಾಲದು. ಉಪ್ಪಿನಕಾಯಿಯ ಉಪ್ಪು ಮೈಯಲ್ಲಿ ನೀರು ಹಿಡಿದಿಟ್ಟು ಮರುದಿನ ತಕ್ಕಡಿಯಲ್ಲಿ ಅರ್ಧ ಕಿಲೋ ಜಾಸ್ತಿ ತೋರಿಸಿ ಗಾಬರಿ ಬೇರೆ ಹುಟ್ಟಿಸುತ್ತದೆ. ಗಂಜಿಗೆ ಎರಡು ಬೇಯಿಸಿದ ಮೊಟ್ಟೆ, ಇಲ್ಲವೇ ಒಂದು ಬಟ್ಟಲು ಪಚ್ಚೆಹೆಸರಿನ ಪಲ್ಯ, ಇಲ್ಲವೇ ನಿನ್ನೆಯ ಮೀನಿನ ಪುಳಿಮುಂಚಿ ಜತೆಯಾದರೆ ಹಸಿವು ಮಧ್ಯಾಹ್ನ ಒಂದು ಗಂಟೆಯವರೆಗೆ ತಡೆಯುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಎಚ್ಚರಿಕೆ: ಅಗುಳು ಕರಗುವಷ್ಟು ಬೆಂದ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅಗುಳು ಬಿಡಿಬಿಡಿಯಾಗಿರುವಾಗಲೇ ಇಳಿಸಿ, ಪಲ್ಯ ಮೊದಲು ತಿಂದು, ಎರಡು ಗಂಟೆ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಬೇಕು.

ಹುರುಳಿ ಚಟ್ನಿ ಇದೆಯಲ್ಲ, ಪ್ರೊಟೀನ್ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. 30 ಗ್ರಾಂ ಹುರುಳಿಯ ಚಟ್ನಿಯನ್ನು ಮೂರು ಜನ ಹಂಚಿಕೊಂಡರೆ ಒಬ್ಬರಿಗೆ ಬರುವುದು ಎರಡು ಗ್ರಾಂ ಪ್ರೊಟೀನ್. ಅದು ನಾಲಿಗೆಗೆ. ಹುರುಳಿ ಸಾರಿನದ್ದು ಇನ್ನೂ ತಮಾಷೆ. ಕಾಳು ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ನಾವು ಉಣ್ಣುತ್ತೇವೆ. ಬೆಂದ ಕಾಳು ಹಿಂದೆ ಕೊಟ್ಟಿಗೆಗೆ ಹೋಗುತ್ತಿತ್ತು, ಈಗ ಫ್ರಿಜ್ಜಿಗೆ ಹೋಗಿ ಅಲ್ಲಿಂದ ಕಸಕ್ಕೆ. ಪ್ರೊಟೀನಿನ ಬಹುಪಾಲು ಉಳಿದಿರುವುದು ಆ ಕಾಳಿನಲ್ಲೇ. ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವ ಊರಿನವರಿಗೆ ಇದನ್ನು ವಿವರಿಸಬೇಕಾಗಿ ಬಂದದ್ದು ವಿಚಿತ್ರ.

ಲೆಕ್ಕ ಹೀಗೆ. ಸಾಮಾನ್ಯ ಆರೋಗ್ಯದ ವಯಸ್ಕರಿಗೆ ದಿನಕ್ಕೆ ಕಿಲೋಗೆ 0.83 ಗ್ರಾಂ ಪ್ರೊಟೀನ್ ಸಾಕು. ತೂಕ ಇಳಿಸುವಾಗ ಕೊಬ್ಬಿನ ಜತೆ ಸ್ನಾಯುವೂ ಕರಗುವುದರಿಂದ 1 ರಿಂದ 1.2 ಗ್ರಾಂ ಇಟ್ಟುಕೊಳ್ಳುವುದು ಒಳ್ಳೆಯದು. 65 ಕಿಲೋದವರಿಗೆ 65ರಿಂದ 78 ಗ್ರಾಂ. ಎರಡು ಮಧ್ಯಮ ಬಂಗುಡೆಯಲ್ಲಿ 20 ಗ್ರಾಂ ಚಿಲ್ಲರೆ, ಎರಡು ಮೊಟ್ಟೆಯಲ್ಲಿ 12, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6, ಒಣಗಿದ ಲೆಕ್ಕದ 30 ಗ್ರಾಂ ಹೆಸರಿನಲ್ಲಿ 7, ಅಷ್ಟೇ ಕಡ್ಲೆಯಲ್ಲಿ 6. ಉಳಿದದ್ದು ಅಕ್ಕಿ, ಬೇಳೆ, ಹಾಲಿನಿಂದ ಬರುತ್ತದೆ. ಮೀನು, ಮೊಟ್ಟೆ ಮುಟ್ಟದ ಮನೆಗಳಲ್ಲಿ ಇದು ತುಸು ಕಷ್ಟ, ದಿನಕ್ಕೆರಡು ಹೊತ್ತು ಕಾಳು ಬೇಯಿಸಲೇಬೇಕು. ಬಜಿಲ್ ಕಡ್ಲೆ ತಿನ್ನುವುದಾದರೆ ಬಜಿಲ್, ಅಂದರೆ ಅವಲಕ್ಕಿ, ಒಂದು ಪಾಲು, ಕಡ್ಲೆ ಎರಡು ಪಾಲು ಮಾಡಿಕೊಳ್ಳಿ, ಈಗ ಇರುವುದು ತಿರುಗಾಮುರುಗಾ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೊಟೀನ್ ಏರಿಸಬಾರದು.

ಇನ್ನು ಕಾಯಿ. ಮಧ್ಯಮ ಗಾತ್ರದ ತೆಂಗಿನಕಾಯಿ ಹೆರೆದರೆ 200 ಗ್ರಾಂ ತುರಿ. 100 ಗ್ರಾಂ ತುರಿಯಲ್ಲಿ 33 ಗ್ರಾಂ ಕೊಬ್ಬು, 350 ಕ್ಯಾಲೊರಿ. ಅಂದರೆ ಒಂದು ಕಾಯಿಗೆ 700. ಬೆಳಿಗ್ಗೆ ದೋಸೆಗೆ ಚಟ್ನಿ, ಮಧ್ಯಾಹ್ನ ಹುಳಿಯಂಥ ಕೊದ್ದೆಲ್‌ಗೆ ಅರೆದದ್ದು, ಪಲ್ಯಕ್ಕೆ ಉದುರಿಸಿದ್ದು, ರಾತ್ರಿ ಗಸಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದೂವರೆ ಕಾಯಿ ಮುಗಿದರೆ ತಲಾ 260 ಕ್ಯಾಲೊರಿ ಆಯಿತು. ಇದು 75 ಗ್ರಾಂ ಅಕ್ಕಿಗೆ ಸಮ. ಅನ್ನ ಬಿಟ್ಟೆ ಎನ್ನುವವರು ಈ ಅನ್ನವನ್ನು ಬಿಟ್ಟಿರುವುದಿಲ್ಲ. ಕಾಯಿ ವಿಷವೇನಲ್ಲ, ತುರಿಯಲ್ಲಿ ಒಳ್ಳೆಯ ನಾರಿದೆ. ಹಿಂಡಿ ಹಾಲು ತೆಗೆದರೆ ನಾರು ಹಿಂದುಳಿದು ಕೊಬ್ಬು ಮಾತ್ರ ಸಾರಿಗೆ ಬರುತ್ತದೆ ಎನ್ನುವುದು ನೆನಪಿರಲಿ.

ಅರ್ಧ ಮಾಡಿದರೆ ರುಚಿ ಕೆಡುತ್ತದೆ ಎಂಬ ದೂರು ನಿಜ, ಆದರೆ ಕೆಡುವುದು ಹೇಗೆಂದು ನೋಡಬೇಕು. ನಾಲ್ಕು ಜನರ ಸೌತೆಕಾಯಿ ಕೊದ್ದೆಲ್ ತೆಗೆದುಕೊಳ್ಳಿ. 100 ಗ್ರಾಂ ತುರಿ ಹಾಕುತ್ತಿದ್ದಲ್ಲಿ 50 ಹಾಕಿ ಬೇರೇನೂ ಬದಲಿಸದಿದ್ದರೆ ಮೇಲೆ ನೀರು, ಕೆಳಗೆ ಗಷ್ಟು ಕೂರುತ್ತದೆ. ಕಾಯಿ ಕೊಡುತ್ತಿದ್ದದ್ದು ರುಚಿಗಿಂತ ಹೆಚ್ಚು ಮಂದ. ಆ ಮಂದವನ್ನು ಬೇರೆ ಕಡೆಯಿಂದ ತರಬೇಕು. 40 ಗ್ರಾಂ ತೊಗರಿಬೇಳೆಯನ್ನು ನುಣ್ಣಗೆ ಬೇಯಿಸಿಡಿ. ಅರ್ಧ ಚಮಚ ಎಣ್ಣೆಯಲ್ಲಿ ಆರು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ, ತಲಾ ಕಾಲು ಚಮಚ ಮೆಂತೆ ಮತ್ತು ಜೀರಿಗೆ, ಒಂದು ಚಮಚ ಉದ್ದಿನಬೇಳೆ ಹುರಿಯಿರಿ. ಮೆಂತೆ ಕಪ್ಪಾದರೆ ಕಹಿ, ಆದ್ದರಿಂದ ಅದು ಕೊನೆಗೆ. ಬೆಂದ ಸೌತೆಯ ನಾಲ್ಕು ಹೋಳನ್ನು ತೆಗೆದು ತುರಿ, ಹುರಿದ ಮಸಾಲೆ, ಹುಳಿಯ ಜತೆಗೇ ಅರೆಯಿರಿ. ನೀರು ಕಡಿಮೆ ಇಟ್ಟು ಬೆರಳಿಗೆ ತರಿ ಸಿಗದಷ್ಟು ಅರೆಯಬೇಕು. ಕಾಯಿ ಕಡಿಮೆಯಾದಷ್ಟೂ ಅರೆಯುವುದು ಜಾಸ್ತಿಯಾಗಬೇಕು, ತಪ್ಪುವುದು ಬಹುತೇಕ ಇಲ್ಲೇ. ಬೇಳೆ, ಅರೆದದ್ದು ಎರಡೂ ಸೇರಿದ ಮೇಲೆ ಆರೇಳು ನಿಮಿಷ ಕುದಿದರೆ ಕೊದ್ದೆಲ್ ಸೌಟಿಗೆ ಹಿಡಿಯುತ್ತದೆ.

ಒಗ್ಗರಣೆಗೂ ಇದೇ ಮಾತು. ದೊಡ್ಡ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿದರೆ ಸಾಸಿವೆ ಸಿಡಿಯುವ ಮೊದಲೇ ಸುಡುತ್ತದೆ, ಅದಕ್ಕೇ ಕೈ ಮೂರು ಚಮಚಕ್ಕೆ ಹೋಗುವುದು. ಚಿಕ್ಕ ಒಗ್ಗರಣೆ ಸೌಟಿನಲ್ಲಿ ಒಂದೇ ಚಮಚ ತೆಂಗಿನೆಣ್ಣೆ ಹಾಕಿ, ಸೌಟನ್ನು ಓರೆ ಹಿಡಿದು ಎಣ್ಣೆ ಒಂದು ಬದಿಗೆ ನಿಲ್ಲುವಂತೆ ಮಾಡಿ. ಜಜ್ಜಿದ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಕೆಂಪಾಗಿಸಿದರೆ ಪರಿಮಳ ಎಲ್ಲ ಆ ಒಂದು ಚಮಚಕ್ಕೇ ಇಳಿಯುತ್ತದೆ.

ವಾರದಲ್ಲಿ ಮೂರು ದಿನ ಕಾಯಿ ಅರೆಯದ ಪದಾರ್ಥ ಇಟ್ಟುಕೊಳ್ಳುವುದು ಇನ್ನೂ ಸುಲಭ. ಬೋಳು ಕೊದ್ದೆಲ್, ಉಡುಪಿ ಸಾರು, ಕೊಂಕಣಿಗರ ದಾಳಿತೋಯ್ ಎಲ್ಲ ಕಾಯಿಯ ಹಂಗಿಲ್ಲದವು. ಒಂದೆಲಗದ ತಂಬುಳಿಗೆ ಇಬ್ಬರಿಗೆ ಒಂದು ದೊಡ್ಡ ಚಮಚ ತುರಿ ಸಾಕು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲದೆ, ಮುಂದಿನ ತಿಂಗಳು ಮೊಸರಿಲ್ಲದೆ, ಮತ್ತೊಂದು ತಿಂಗಳು ಹಾಲಿಲ್ಲದೆ, ಕೊನೆಯ ತಿಂಗಳು ಬೇಳೆಕಾಳಿಲ್ಲದೆ ಅಡುಗೆ ಮಾಡುತ್ತ ಬಂದ ಊರು ಉಡುಪಿ. ಒಂದು ಪದಾರ್ಥ ಕೈಬಿಟ್ಟರೂ ರುಚಿ ಬಿಡದ ಉಪಾಯ ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ತೆಂಗಿನೆಣ್ಣೆ ಕುಡಿದರೆ ಕೊಬ್ಬು ಕರಗುತ್ತದೆ ಎಂದು ವಾಟ್ಸಾಪಿನಲ್ಲಿ ತಿರುಗುವುದನ್ನು ನಂಬಬೇಡಿ. ಆ ಗುಣ ಹೇಳಿದ ಪ್ರಯೋಗಗಳಲ್ಲಿ ಬಳಸಿದ್ದು ಮಧ್ಯಮ ಸರಪಳಿಯ ಕೊಬ್ಬನ್ನಷ್ಟೇ ಬೇರ್ಪಡಿಸಿ ತಯಾರಿಸಿದ ಎಣ್ಣೆ. ನಮ್ಮ ಗಾಣದ ಎಣ್ಣೆಯಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟಿರುವ ಲಾರಿಕ್ ಆಮ್ಲ ಮೈಯಲ್ಲಿ ಉದ್ದ ಸರಪಳಿಯ ಕೊಬ್ಬಿನ ಹಾಗೆಯೇ ನಡೆದುಕೊಳ್ಳುತ್ತದೆ. ಎಣ್ಣೆ ಯಾವುದಾದರೂ ಗ್ರಾಂಗೆ 9 ಕ್ಯಾಲೊರಿ. ಮನೆಯ ತಿಂಗಳ ಎಣ್ಣೆಯನ್ನೆಲ್ಲ ಕೂಡಿ ತಲೆಗೆ ಹಂಚಿ ನೋಡಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಂದರೆ ದಿನಕ್ಕೆ 15 ಗ್ರಾಂ, ಸುಮಾರು 140 ಕ್ಯಾಲೊರಿ. ತೂಕ ಇಳಿಸುವವರಿಗೆ ಇದು ಸರಿಯಾದ ಅಳತೆ. ಒಂದು ಲೀಟರಿಗೆ ಹೋಗಿದ್ದರೆ ಮೊದಲು ಮೀನು ಕಾಯಿಸುವ ಕಾವಲಿಯನ್ನು ನೋಡಿ.

ರವಾ ಫ್ರೈ ಎಣ್ಣೆ ಕುಡಿಯುತ್ತದೆ, ರವೆಯ ಕೆಲಸವೇ ಅದು. ಬಂಗುಡೆ, ಬೂತಾಯಿಗೆ ಅದು ಬೇಕಾಗಿಯೂ ಇಲ್ಲ, ಅವುಗಳದ್ದೇ ಕೊಬ್ಬು ಕಾವಲಿಗೆ ಇಳಿಯುತ್ತದೆ. ಮೆಣಸು, ಹುಳಿ, ಉಪ್ಪು, ಅರಿಶಿನವನ್ನು ಗಟ್ಟಿಯಾಗಿ ಅರೆದು ಗೀರಿದ ಮೀನಿಗೆ ಹಚ್ಚಿ ಅರ್ಧ ಗಂಟೆ ಇಡಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಎಣ್ಣೆಯನ್ನು ಅರ್ಧ ನೀರುಳ್ಳಿಯಿಂದ ತಿಕ್ಕಿ, ಮೀನಿಟ್ಟು, ನಡು ಉರಿಯಲ್ಲಿ ನಾಲ್ಕೈದು ನಿಮಿಷ ಮುಟ್ಟದೆ ಬಿಡಿ. ಅವಸರದಲ್ಲಿ ಮಗುಚಿದರೆ ಸಿಪ್ಪೆ ಕಾವಲಿಗೆ ಅಂಟುತ್ತದೆ, ಆಗ ಬಿಡಿಸಲೆಂದು ಮತ್ತೆ ಎಣ್ಣೆ ಸುರಿಯುತ್ತೇವೆ. ಬದಿ ಗರಿಯಾಗಿ ತಾನೇ ಕಾವಲಿ ಬಿಟ್ಟಾಗ ಮಗುಚಿದರೆ ಆ ಒಂದೇ ಚಮಚದಲ್ಲಿ ಮೂರು ಬಂಗುಡೆ ಕಾಯುತ್ತವೆ.

ದೋಸೆ-ಕಡುಬುಗಳಲ್ಲಿ ಒಂದು ಭ್ರಮೆ ಉಂಟು: ಹಬೆಯಲ್ಲಿ ಬೆಂದದ್ದು ಹಗುರ. ಪುಂಡಿ, ಒತ್ತು ಶ್ಯಾವಿಗೆ, ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ ಎಣ್ಣೆ ಮುಟ್ಟಿಲ್ಲ, ಸರಿ. ಆದರೆ ಒಂದು ಮೂಡೆಯಲ್ಲಿ ಎರಡು ಮೂರು ಇಡ್ಲಿಯ ಹಿಟ್ಟಿರುತ್ತದೆ, ನಾವು ಅದನ್ನು 'ಒಂದು' ಎಂದು ಎಣಿಸುತ್ತೇವೆ. ನೀರುದೋಸೆ ತೆಳ್ಳಗಿದೆ, ಒಂದಕ್ಕೆ 20 ಗ್ರಾಂ ಅಕ್ಕಿ, 70 ಕ್ಯಾಲೊರಿ. ಉದ್ದು ಇಲ್ಲದ ಕಾರಣ ಹೊಟ್ಟೆಗೆ ಗೊತ್ತಾಗುವುದಿಲ್ಲ, ಏಳೆಂಟು ಹೋಗಿಬಿಡುತ್ತದೆ. ಅದರ ಮೇಲೆ ಬೆಲ್ಲ-ಕಾಯಿ ಬಂದರೆ ಲೆಕ್ಕ ಕೈತಪ್ಪಿತು. ಕೋರಿ ರೊಟ್ಟಿಯದ್ದೂ ಇದೇ ಮೋಸ. ರೊಟ್ಟಿ ಗರಿಗರಿ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ನೀರೆಲ್ಲ ಆರಿಹೋದ ಅಕ್ಕಿ ಅದು, 100 ಗ್ರಾಂ ರೊಟ್ಟಿ ಎಂದರೆ ಹತ್ತಿರ ಹತ್ತಿರ 300 ಗ್ರಾಂ ಬೆಂದ ಅನ್ನ.

ನಿಜವಾಗಿ ತೂಕ ನಿರ್ಧಾರವಾಗುವುದು ಸಂಜೆ ನಾಲ್ಕರಿಂದ ಆರರ ನಡುವೆ. ಒಂದು ಬನ್ಸ್ ಬಿಡಿಸಿ ನೋಡಿ: 40 ಗ್ರಾಂ ಮೈದಾ 140 ಕ್ಯಾಲೊರಿ, ಬಾಳೆಹಣ್ಣು-ಸಕ್ಕರೆ 35, ಹೀರಿದ ಎಣ್ಣೆ ಏಳೆಂಟು ಗ್ರಾಂ ಎಂದರೆ 65. ಒಟ್ಟು 240ರ ಹತ್ತಿರ. ಎರಡು ಬನ್ಸ್, ಎರಡು ಚಮಚ ಸಕ್ಕರೆಯ ಚಾ ಸೇರಿ 550 ದಾಟಿತು. ಇದನ್ನು ನಡೆದು ಕಳೆಯಲು ಹೊರಟರೆ ಚುರುಕಾಗಿ ಎರಡು ಗಂಟೆ ನಡೆಯಬೇಕು. ಗೋಳಿಬಜೆ ಇನ್ನೊಂದು ಬಗೆ: ಒಂದೊಂದೇ ಚಿಕ್ಕದು, ಎಷ್ಟು ತಿಂದೆವು ಎಂಬ ಲೆಕ್ಕ ತಟ್ಟೆ ಖಾಲಿಯಾದ ಮೇಲೆ ಸಿಗುವುದಿಲ್ಲ. ಅದರ ಬದಲು ಚರುಮುರಿ ಒಳ್ಳೆಯದು. 30 ಗ್ರಾಂ ಮುರಿ, ನೀರುಳ್ಳಿ, ಟೊಮೆಟೊ, ಕ್ಯಾರೆಟ್, ಮಾವಿನಕಾಯಿ, ಹತ್ತು ಗ್ರಾಂ ನೆಲಗಡಲೆ, ಒಂದೇ ಚಮಚ ತೆಂಗಿನೆಣ್ಣೆ. 220 ದಾಟುವುದಿಲ್ಲ, ತಿಂದು ಮುಗಿಸಲು ಕಾಲು ಗಂಟೆ ಬೇಕು. ಬೇಯಿಸಿದ ಕಡ್ಲೆ ಇನ್ನೂ ಮೇಲು.

ಚಾದ ಸಕ್ಕರೆಯನ್ನು ಒಮ್ಮೆಲೇ ಬಿಡಬೇಡಿ. ದಿನಕ್ಕೆ ನಾಲ್ಕು ಚಾ, ತಲಾ ಎರಡು ಚಮಚ ಎಂದರೆ 40 ಗ್ರಾಂ. ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ಎರಡು ತಿಂಗಳಲ್ಲಿ ನಾಲಿಗೆಗೆ ತಿಳಿಯದೆ ಸೊನ್ನೆಗೆ ಬರುತ್ತದೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂಬುದು ತಪ್ಪು, ಕ್ಯಾಲೊರಿಯಲ್ಲಿ ಬೆಲ್ಲ ಸಕ್ಕರೆಯ ತಮ್ಮ. ಪುನರ್ಪುಳಿ ಶರಬತ್ತಿನಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚು, ಪುನರ್ಪುಳಿ ಸಾರು ಕುಡಿಯಿರಿ. ಬೊಂಡದ ನೀರು ಒಂದಕ್ಕೆ 50-60 ಕ್ಯಾಲೊರಿ, ದಿನಕ್ಕೊಂದು ಧಾರಾಳ.

ಉಪವಾಸದ ವಿಷಯಕ್ಕೆ ಬಂದರೆ, ಇಂಟರ್ಮಿಟೆಂಟ್ ಫಾಸ್ಟಿಂಗ್ ಎಂಬ ಹೊಸ ಹೆಸರಿನಲ್ಲಿ ಒಪ್ಪತ್ತು ಮರಳಿದೆ. ಚೀನಾದ ಗುವಾಂಗ್‌ಝೌನಲ್ಲಿ 139 ಸ್ಥೂಲದೇಹಿಗಳ ಮೇಲೆ ಒಂದು ವರ್ಷ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಯಾಲೊರಿ ಕಡಿತ ಎರಡೂ ಗುಂಪಿಗೆ ಒಂದೇ ಆಗಿದ್ದಾಗ, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಂಡವರಿಗೆ ಹೊತ್ತಿನ ಕಟ್ಟಿಲ್ಲದೆ ಉಂಡವರಿಗಿಂತ ಹೇಳಿಕೊಳ್ಳುವ ಲಾಭವೇನೂ ಆಗಲಿಲ್ಲ. ಹೊತ್ತು ಕಟ್ಟಿಕೊಂಡರೆ ತಿನ್ನುವುದು ಕಡಿಮೆಯಾಗುವವರಿಗೆ ಅದು ಒಗ್ಗುತ್ತದೆ, ಉಳಿದವರಿಗೆ ಇಲ್ಲ. ಏಕಾದಶಿಯ ಮರುದಿನ ತಕ್ಕಡಿ ಒಂದು ಕಿಲೋ ಕಡಿಮೆ ತೋರಿಸಿದರೆ ಅದು ನೀರು ಮತ್ತು ಖಾಲಿ ಹೊಟ್ಟೆ. ಫಲಾಹಾರದ ಸಬ್ಬಕ್ಕಿ, ಅವಲಕ್ಕಿ ಗ್ರಾಂ ಲೆಕ್ಕದಲ್ಲಿ ಅಕ್ಕಿಯಷ್ಟೇ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ಹೇಳಬೇಕು, ಔಷಧದ ಪ್ರಮಾಣ ಬದಲಾಗಬೇಕಾಗುತ್ತದೆ.

ನವೆಂಬರಿನಿಂದ ಮೇವರೆಗೆ ನಮ್ಮಲ್ಲಿ ಊಟಕ್ಕೆ ಕರೆ ತಪ್ಪುವುದಿಲ್ಲ: ಮದುವೆ, ಮೆಹಂದಿ, ನೇಮ, ಬ್ರಹ್ಮಕಲಶ. ವಾರಕ್ಕೆ ಆರು ದಿನ ದಿನಕ್ಕೆ 400 ಕ್ಯಾಲೊರಿ ಉಳಿಸಿದರೆ 2,400. ಭಾನುವಾರ ಒಂದೇ ಊಟದಲ್ಲಿ 1,200 ಹೆಚ್ಚು ಹೋದರೆ ವಾರದ ಅರ್ಧ ಶ್ರಮ ಎಲೆಯಲ್ಲೇ ಮಡಿಚಿ ಹೋಯಿತು. "ವಾರವಿಡೀ ಬಾಯಿ ಕಟ್ಟುತ್ತೇನೆ, ಇಳಿಯುವುದೇ ಇಲ್ಲ" ಎನ್ನುವವರ ಗುಟ್ಟು ಹೆಚ್ಚಾಗಿ ಭಾನುವಾರದಲ್ಲಿರುತ್ತದೆ. ಪಂಕ್ತಿಯಲ್ಲಿ ಕೋಸಂಬರಿ, ಪಲ್ಯ ಎರಡನೇ ಸಲ ಹಾಕಿಸಿಕೊಳ್ಳಿ, ಅನ್ನ ಒಂದೇ ಸಲ ಹಾಕಿಸಿಕೊಂಡು ಅದನ್ನೇ ಸಾರಿಗೂ ಹುಳಿಗೂ ಪಾಲು ಮಾಡಿ. ಹೋಳಿಗೆ ಮತ್ತು ಪಾಯಸದಲ್ಲಿ ಒಂದನ್ನು ಆರಿಸಿ. ಬಾಯಲ್ಲಿ ಬೇಡ ಎಂದರೆ ಬಡಿಸುವವರು ಕೇಳುವುದಿಲ್ಲ, ಎಲೆಗೆ ಅಡ್ಡ ಕೈ ಹಿಡಿಯಲೇಬೇಕು.

ಮನೆಯಲ್ಲಿ ಇದಕ್ಕಿಂತ ಕಷ್ಟ. "ಎಂತದು ಮಾರಾಯ್ತಿ, ಹಕ್ಕಿ ತಿಂದ ಹಾಗೆ ತಿಂತೀಯಲ್ಲ!" ಎನ್ನುವ ಅತ್ತೆಗೆ ಕ್ಯಾಲೊರಿಯ ಪಾಠ ನಾಟುವುದಿಲ್ಲ. "ಅತ್ತೆ, ಅನ್ನ ಸಾಕು, ಇನ್ನೊಂದು ಸೌಟು ಪಲ್ಯ ಹಾಕಿ" ಎಂದರೆ ಬಡಿಸಿದ ಸಮಾಧಾನ ಅವರಿಗೂ ಸಿಗುತ್ತದೆ.

ಮಳೆಗಾಲದ ಲೆಕ್ಕ ಬೇರೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ತಾಜಾ ಮೀನು ದುಬಾರಿ. ಪ್ರೊಟೀನಿನ ಜಾಗಕ್ಕೆ ಒಣಮೀನು, ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಹಲಸಿನ ಉಪ್ಪಡ್ ಪಚ್ಚಿಲ್ ಬರುತ್ತವೆ, ಎಲ್ಲವೂ ಉಪ್ಪು ಇಲ್ಲವೇ ಎಣ್ಣೆ. ವಾಕಿಂಗ್ ನಿಲ್ಲುತ್ತದೆ. ಈ ಎರಡು ತಿಂಗಳು ತೂಕ ಇಳಿಸುವ ಹಟ ಬಿಟ್ಟು ಇದ್ದಲ್ಲೇ ನಿಲ್ಲಿಸಿಕೊಂಡರೂ ಗೆದ್ದ ಹಾಗೆ. ಹೆಸರು, ಹುರುಳಿ ಮೇ ಕೊನೆಯಲ್ಲೇ ತಂದಿಡಿ. ಪತ್ರೊಡೆಯನ್ನು ಹಬೆಯಲ್ಲಿ ಬೇಯಿಸಿದ ದಿನವೇ ತಿನ್ನಿ, ಮರುದಿನ ಅದು ಕಾವಲಿಗೆ ಏರಿ ಎಣ್ಣೆ ಕುಡಿಯುತ್ತದೆ.

ತೂಗುವುದು ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಮೊದಲು. ಒಂದು ದಿನದ ಅಂಕೆಗೆ ಬೆಲೆಯಿಲ್ಲ, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ್ದರ ಜತೆ ಹೋಲಿಸಿ. ಮೊದಲ ವಾರ ಇಳಿಯುವ ಒಂದೆರಡು ಕಿಲೋ ಹೆಚ್ಚಿನಂಶ ನೀರು. ಮೈ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ, ಅದು ಖರ್ಚಾದಾಗ ನೀರೂ ಹೋಗುತ್ತದೆ. ಚಪಾತಿಗೆ ಸಿಕ್ಕ ಕೀರ್ತಿಯಲ್ಲಿ ಅರ್ಧ ಇದರದ್ದು. ಆಮೇಲೆ ವಾರಕ್ಕೆ 300ರಿಂದ 500 ಗ್ರಾಂ ಇಳಿದರೆ ಸರಿಯಾದ ವೇಗ. ಸೊಂಟದ ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಹಿಡಿಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ನಾಲ್ಕೈದು ಕಿಲೋ ಇಳಿದ ಮೇಲೆ ಹೆಚ್ಚಿನವರದ್ದು ನಿಲ್ಲುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಇದಕ್ಕೊಂದು ಅಂದಾಜು ಕೊಟ್ಟರು. ಇಳಿದ ಪ್ರತಿ ಕಿಲೋಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ತಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಐದು ಕಿಲೋ ಇಳಿಸಿದವರಿಗೆ ಹಿಂದಿಗಿಂತ 500 ಕ್ಯಾಲೊರಿಯ ಹೆಚ್ಚು ಹಸಿವು, ಅದೂ ಮೊದಲಿಗಿಂತ ಚಿಕ್ಕ ಊಟದ ಮೇಲೆ. ಛಲ ಸಾಲದು ಎಂದು ಅವರನ್ನು ಹೀಯಾಳಿಸುವುದು ಅನ್ಯಾಯ. ಹಸಿವು ಇಳಿಸುವ ಹೊಸ ಚುಚ್ಚುಮದ್ದುಗಳು ಕೆಲಸ ಮಾಡುವುದು ಇಲ್ಲೇ. ಅವುಗಳಲ್ಲೊಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದು ವರ್ಷದಲ್ಲಿ ಮರಳಿದ್ದನ್ನು ಪ್ರಯೋಗಗಳೇ ತೋರಿಸಿವೆ, ಹಾಗಾಗಿ ಅದನ್ನು ತೆಗೆದುಕೊಳ್ಳುವವರಿಗೂ ಮೀನು, ಕಾಳು, ಪಲ್ಯದ ಅಭ್ಯಾಸ ಬೇಕೇ ಬೇಕು.

ತೂಕ ನಿಂತು ನಾಲ್ಕು ವಾರವಾದರೆ ಹೊಸ ಡಯಟ್ ಹುಡುಕುವ ಮೊದಲು ಅಡುಗೆಮನೆಯ ತಕ್ಕಡಿಯನ್ನು ಮತ್ತೆ ಕೆಳಗಿಳಿಸಿ, ಮೂರು ದಿನ ತೂಗಿ. 150 ಗ್ರಾಂ ಎಂದುಕೊಂಡಿದ್ದ ಅನ್ನದ ಬಟ್ಟಲು ಸದ್ದಿಲ್ಲದೆ 190ಕ್ಕೆ ಬಂದಿರುತ್ತದೆ, ತಲೆ ತಟ್ಟಿ ತುಂಬುತ್ತಿದ್ದದ್ದು ಈಗ ಗೋಪುರವಾಗಿರುತ್ತದೆ. ಒಗ್ಗರಣೆಯ ಚಮಚ ಎರಡಾಗಿರುತ್ತದೆ. ಎರಡೂ ಸರಿಯಿದ್ದರೆ ಮಾತ್ರ ರಾತ್ರಿಯ ಬಟ್ಟಲಿನಿಂದ ಕಾಲು ಭಾಗ ತೆಗೆದು, ಆ ಜಾಗಕ್ಕೆ ಬಸಳೆ ಹಾಕಿ.